ಕೈ ಬೇಡದ ಯಂತ್ರ

ಯಂತ್ರ ನೋಡಲು ಹೋದ ಕಡೆಯಲ್ಲೆಲ್ಲ ಅಕ್ಷತಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಮಾರುವವರು ಒಳಗೆ ಎಷ್ಟು ಬಾಟಲಿ ಹಿಡಿಯುತ್ತದೆ, ಎಷ್ಟು ಬೇಗ ತಣ್ಣಗಾಗುತ್ತದೆ, ಗಾಜಿನ ಹಿಂದೆ ದೀಪ ಯಾವ ಯಾವ ಬಣ್ಣಕ್ಕೆ ಉರಿಯುತ್ತದೆ ಎಂದು ವರ್ಣಿಸುತ್ತಿದ್ದರು. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ, "ಬಾಟ್ಲಿ ಒಳಗೇ ಸಿಕ್ಕಾಕ್ಕೊಂಡ್ರೆ ಏನ್ಮಾಡ್ಬೇಕು?" ಅನ್ನುತ್ತಿದ್ದಳು.

"ಸಿಕ್ಕಾಕ್ಕೊಳಲ್ಲ ಅಕ್ಕಾ," ಅಂದ ಕಡೂರಿನ ತಿಪ್ಪೇಶ. ಅವನು ಮೊದಲು ಫ್ರಿಜ್ಜು ರಿಪೇರಿ ಮಾಡಿಕೊಂಡಿದ್ದವನು, ಈಗ ಇಂಥ ಗಾಜಿನ ಮುಖದ ಯಂತ್ರಗಳನ್ನೂ ಮಾರುತ್ತಿದ್ದ. "ಅಪ್ಪಿತಪ್ಪಿ ಸಿಕ್ಕಾಕ್ಕೊಂಡ್ರೂ ಏನಂತೆ, ಬಾಗಿಲು ತೆಗೆದು ಕೈಯಲ್ಲಿ ಕೊಟ್ರಾಯ್ತು."

"ಕೈಯಲ್ಲಿ ಕೊಡೋ ಹಂಗಿಲ್ಲ."

"ಯಾಕೆ?"

"ಅಲ್ಲಿ ನಮ್ಮೋರು ಯಾರೂ ನಿಂತಿರಲ್ಲ," ಅಂದಳು ಅಕ್ಷತಾ. ಅದು ಅರ್ಧ ನಿಜ. ನಿಲ್ಲಬೇಕೆಂದರೆ ನಿಲ್ಲುವವರು ಇದ್ದರು. ನಿಲ್ಲುವ ಹಾಗಿರಲಿಲ್ಲ.

ಉಳಿದರ್ಧ ಹೀಗೆ. ಅಕ್ಷತಾಳ ಅತ್ತೆ ಓಬಮ್ಮ ಮಾಡುವ ಮಜ್ಜಿಗೆಗೆ ಅಜ್ಜಂಪುರದ ಸುತ್ತ ಅವರ ಪೈಕಿಯ ಮದುವೆ, ತಿಥಿ, ಗೃಹಪ್ರವೇಶಗಳಲ್ಲಿ ದೊಡ್ಡ ಹೆಸರು. ಹುಳಿ ಏರುವ ಮೊದಲೇ ಕಡೆದು, ಬೆಣ್ಣೆ ತೆಗೆದು, ಹಸಿಶುಂಠಿ ಕುಟ್ಟಿ ಹಾಕಿ, ಕರಿಬೇವನ್ನು ಕೈಯಲ್ಲೇ ಹಿಸುಕಿ ಬಿಡುತ್ತಿದ್ದಳು. ಊಟ ಬಿಟ್ಟು ಮಜ್ಜಿಗೆಯನ್ನೇ ಎರಡು ಸಲ ಕೇಳಿ ಕುಡಿಯುವವರಿದ್ದರು. ಮನೆಯಲ್ಲಿ ಹಸುಗಳಿದ್ದವು, ಹಾಲು ಡೈರಿಗೆ ಹೋಗುತ್ತಿತ್ತು. ಡೈರಿಯಲ್ಲಿ ಊರಿನ ಹಾಲೆಲ್ಲ ಒಂದೇ ಕ್ಯಾನಿಗೆ ಬೀಳುತ್ತದೆ. ಅಲ್ಲಿಂದಾಚೆಗೆ ಅದು ಕೆರೆಯ ಆಚೆಯ ಮನೆಯದೋ, ಈಚೆಯ ಕೇರಿಯದೋ ಎಂದು ಯಾರೂ ಕೇಳುವುದಿಲ್ಲ. ಮಜ್ಜಿಗೆಗೆ ಆ ಅನುಕೂಲ ಇಲ್ಲ. ಅದನ್ನು ಯಾರೋ ಒಬ್ಬರು ಲೋಟಕ್ಕೆ ಹುಯ್ಯಬೇಕು, ಇನ್ನೊಬ್ಬರು ಆ ಕೈಯನ್ನು ನೋಡುತ್ತಾರೆ.

ಹಿಂದಿನ ಬೇಸಿಗೆಯಲ್ಲಿ ಅಕ್ಷತಾಳ ಗಂಡ ಶಿವಪ್ರಸಾದ್ ಅಜ್ಜಂಪುರದ ಬಸ್ಸು ನಿಲ್ಲುವ ಕಡೆ ಒಂದು ಮೇಜು ಹಾಕಿ, ಸ್ಟೀಲಿನ ಡ್ರಮ್ಮು ಇಟ್ಟು ನೋಡಿದ್ದ. ಬೈದವರಿಲ್ಲ, ಜಗಳ ತೆಗೆದವರಿಲ್ಲ. ಬಿಸಿಲಿಗೆ ಬಾಯಾರಿ ಬಂದವರು ಡ್ರಮ್ಮಿನ ಹತ್ತಿರ ನಿಂತು, ಪಕ್ಕದ ಹೂವಿನವಳನ್ನು ಮೆಲ್ಲಗೆ ಏನೋ ಕೇಳಿ, ಆಮೇಲೆ ಓಬಮ್ಮನ ಕಡೆ ತಿರುಗಿ ನಗುತ್ತಿದ್ದರು. "ಬೇಡ ಕಣಮ್ಮ, ಈಗ್ತಾನೆ ಕುಡ್ದು ಬಂದೆ." ದಿನವಿಡೀ ಆ ಊರಿನ ಜನವೆಲ್ಲ ಈಗತಾನೇ ಕುಡಿದು ಬಂದವರೇ. ಮೇಜು ಮನೆಗೆ ಬಂತು. ಡ್ರಮ್ಮಿನಲ್ಲಿ ಈಗ ಹಸುವಿನ ಬೂಸ ಇದೆ.

ತರೀಕೆರೆಯ ಕೃಷ್ಣಸ್ವಾಮಿಯವರು ದಾರಿ ತೋರಿಸಿದ್ದು ಆಮೇಲೆ. ಅವರದು ಪೇಟೆಯಿಂದ ಆಚೆ, ಹೆದ್ದಾರಿ ಪಕ್ಕದಲ್ಲಿ ಲಾರಿ ತೂಗುವ ವೇಬ್ರಿಡ್ಜ್. ಶಿವಪ್ರಸಾದ್ ತನ್ನ ಗೂಡ್ಸ್ ಆಟೋದಲ್ಲಿ ರಾಗಿ, ಹುಣಸೆಹಣ್ಣು ತಂದು ಅಲ್ಲಿ ತೂಗಿಸುತ್ತಿದ್ದುದರಿಂದ ಪರಿಚಯ. ಮೃದು ಮಾತಿನ ಮನುಷ್ಯ. ಡ್ರಮ್ಮಿನ ಕತೆ ಕೇಳಿ ತಲೆಯಾಡಿಸಿದರು.

"ನನಗೇನೂ ಇಲ್ಲಪ್ಪ. ನಾನು ಅದನ್ನೆಲ್ಲ ಯಾವತ್ತೋ ಬಿಟ್ಟಿದ್ದೀನಿ. ಆದ್ರೆ ಜನ ಇದಾರಲ್ಲ," ಅಂದರು. "ಒಂದು ಕೆಲಸ ಮಾಡಿ. ಬಾಟ್ಲಿಗೆ ತುಂಬಿ, ಸೀಲ್ ಮಾಡಿ, ಮಿಷನ್ನಲ್ಲಿಡಿ. ಇಲ್ಲಿ ಜನ ಸರತಿ ನಿಂತು ಒಣಗ್ತಿರ್ತಾರೆ. ದುಡ್ಡು ಹಾಕ್ತಾರೆ, ಬಾಟ್ಲಿ ಬರುತ್ತೆ, ಕುಡೀತಾರೆ. ಯಾರನ್ನ ಕೇಳೋದು, ಯಾರನ್ನ ನೋಡೋದು? ಜಾಗ ನಾನು ಕೊಡ್ತೀನಿ."

ಶಿವಪ್ರಸಾದ್ ಬಾಟಲಿಯ ಮೇಲೆ 'ಓಬಮ್ಮನ ಮಜ್ಜಿಗೆ' ಅಂತ ಹಾಕಿಸಬೇಕೆಂದಿದ್ದ. ಕೃಷ್ಣಸ್ವಾಮಿ ನಕ್ಕು, "ಮನೆ ಮಜ್ಜಿಗೆ ಅಂತ ಹಾಕ್ಸು ಸಾಕು. ಯಾವ ಮನೆ ಅಂತ ಯಾಕೆ?" ಅಂದರು. ಕೆಳಗೆ ಸಣ್ಣ ಅಕ್ಷರದಲ್ಲಿ ಲೈಸೆನ್ಸಿನ ನಂಬರು, ಜಿ.ಎಸ್. ಫುಡ್ಸ್, ಅಜ್ಜಂಪುರ ತಾಲ್ಲೂಕು. ಜಿ ಅಂದರೆ ಮಾವ ಗಿರಿಯಪ್ಪ, ಎಸ್ ಅಂದರೆ ಶಿವಪ್ರಸಾದ್. ಮಜ್ಜಿಗೆ ಮಾಡುವವಳ ಅಕ್ಷರಕ್ಕೆ ಅಲ್ಲೂ ಜಾಗ ಇರಲಿಲ್ಲ.

ಯಂತ್ರ ಆರಿಸುವ ಕೆಲಸ ಅಕ್ಷತಾಳದಾಯಿತು. ಅವಳು ಬಿ.ಕಾಂ. ಓದಿದವಳು ಎಂಬುದಕ್ಕಲ್ಲ, ಬಿಳಿಬದನೆ ಕೊಳ್ಳುವಾಗಲೂ ತೊಟ್ಟು ತಿರುಗಿಸಿ ನೋಡುವವಳು ಎಂಬುದಕ್ಕೆ. ತಿಪ್ಪೇಶ ಮೊದಲು ತೋರಿಸಿದ್ದು ಹೊಸದೊಂದು. ಮುಂಭಾಗದಲ್ಲಿ ಟಿವಿಯ ಹಾಗೆ ದೊಡ್ಡ ಪರದೆ. ಅಕ್ಷತಾ ಪ್ಲಗ್ಗು ಕಿತ್ತು ಮತ್ತೆ ಹಾಕಿಸಿದಳು. ಕರೆಂಟು ಬಂದರೂ ಪರದೆ ಎಚ್ಚರಾಗಲಿಲ್ಲ. ತಿಪ್ಪೇಶ ಹಿಂದೆ ಬಗ್ಗಿ ಏನೋ ಒತ್ತಿದ ಮೇಲೆ ಕಣ್ಣು ಬಿಟ್ಟಿತು. "ನಮ್ಮ ಕಡೆ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬತ್ತದೆ. ಪ್ರತಿ ಸಲ ಎಬ್ಬಿಸೋಕೆ ಯಾರು ಬರ್ತಾರೆ?" ಅಂದು ಅದನ್ನು ಬಿಟ್ಟಳು.

ಎರಡನೆಯದನ್ನು ಅವಳೇ ಹುಡುಕಿಕೊಂಡು ಹೋದಳು. ಅಂಗಡಿಯಲ್ಲಿ ಎಲ್ಲ ಯಂತ್ರವೂ ಮದುವಣಗಿತ್ತಿಯೇ. ಒಂದು ಬೇಸಿಗೆ ದುಡಿದದ್ದನ್ನು ನೋಡಬೇಕು. ಕಡೂರಿನಲ್ಲಿ ಪರೀಕ್ಷೆಗಳಿಗೆ ತರಬೇತಿ ಕೊಡುವ ಒಂದು ಕಡೆ ತಿಪ್ಪೇಶನೇ ಮಾರಿದ್ದ ಹಳೆಯ ಯಂತ್ರ ಇತ್ತು. ಅಕ್ಷತಾ ದುಡ್ಡು ಹಾಕಿದಳು. ಒಳಗಿನ ಸುರುಳಿ ತಿರುಗಿತು, ಬಾಟಲಿ ಮುಂದಕ್ಕೆ ಬಂತು, ಗಾಜಿಗೆ ತಲೆ ಕೊಟ್ಟು ಹಾಗೇ ಓರೆಯಾಗಿ ನಿಂತುಬಿಟ್ಟಿತು. ಕಾವಲಿನವನು ಎದ್ದು ಬಂದು ಗಾಜಿಗೆ ಎರಡು ಏಟು ಹಾಕಿದ. ಆಮೇಲೆ ಬೀಗ ತೆಗೆದು, ಬಾಟಲಿಯ ಕತ್ತು ಹಿಡಿದು ಎಳೆದು, ತನ್ನ ಅಂಗಿಗೆ ಒರೆಸಿ ಅವಳ ಕೈಗಿಟ್ಟ. ಅವಳು ಕುಡಿದಳು. ಅವನು ಯಾರ ಪೈಕಿ ಎಂದು ಕೇಳಲಿಲ್ಲ.

"ನೋಡಿದ್ರಾ, ಇಷ್ಟೇ," ಅಂದ ತಿಪ್ಪೇಶ.

"ಇಷ್ಟೂ ಆಗಬಾರದು."

"ಅಕ್ಕಾ, ಹೆಣ್ಣು ನೋಡೋಕೆ ಬಂದೋರೂ ಇಷ್ಟು ಕೇಳಲ್ಲ ಕಣಕ್ಕ."

"ಹೆಣ್ಣು ಸಿಕ್ಕಾಕ್ಕೊಂಡ್ರೆ ತವರಿಗೆ ಕಳಿಸ್ತಾರೆ. ಇದನ್ನ ಎಲ್ಲಿಗೆ ಕಳಿಸ್ಲಿ?"

ತಿಪ್ಪೇಶ ನಕ್ಕ. ಆದರೆ ಆಮೇಲೆ ಸುಮ್ಮನೆ ಮಾರುವ ಮಾತು ಬಿಟ್ಟು, ಮನುಷ್ಯ ಮನುಷ್ಯನಿಗೆ ಹೇಳುವ ಹಾಗೆ ಹೇಳಿದ. ಯಾವ ಕಡೆಯಿಂದ ಕೆಡುತ್ತವೆ ಅಂದರೆ, ಮೊದಲು ನೋಟು ನುಂಗುವ ಬಾಯಿ. ನಮ್ಮ ಸಂತೆಯ ನೋಟುಗಳು ಎಣ್ಣೆ, ಬೆವರು, ಮಡಿಕೆ. ಒಂದು ಸಿಕ್ಕಿದರೆ ಇಡೀ ಯಂತ್ರ ಮೌನ. ಆಮೇಲೆ ನಾಣ್ಯದ ತೂತು. ತೂಕದ ಜಾಗದ ಧೂಳಿಗೆ ಅದು ಆರು ತಿಂಗಳೂ ಬಾಳುವುದಿಲ್ಲ. ಮೂರನೆಯದು ಬೀಳುವುದು. ಮೇಲಿನಿಂದ ದಡಕ್ಕನೆ ಬಿದ್ದರೆ ಮಜ್ಜಿಗೆ ಬಾಟಲಿ ನೊರೆ ಎದ್ದು ಮುಚ್ಚಳ ಸಡಿಲಾಗುತ್ತದೆ, ಇಲ್ಲವೇ ಅಡ್ಡ ಸಿಕ್ಕಿಕೊಳ್ಳುತ್ತದೆ. ಒಳಗೆ ಸಣ್ಣ ಲಿಫ್ಟು ಇರುವುದು ಬರುತ್ತದೆ, ಅದು ಬಾಟಲಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿಸುತ್ತದೆ. ಗಾಜು ಎರಡು ಪದರದ್ದಾಗಿರಲಿ, ಒಂದೇ ಪದರವಾದರೆ ಬೆವರಿ ಒಳಗಿರುವುದು ಕಾಣುವುದಿಲ್ಲ. ದುಡ್ಡು ಫೋನಿನಲ್ಲಿ ಮಾತ್ರ.

"ಫೋನ್ ಇಲ್ದೋರು?"

"ಈಗ ಯಾರ ಹತ್ರ ಇಲ್ಲ ಹೇಳಿ."

ಅಕ್ಷತಾ ಯೋಚಿಸಿದಳು. ನೋಟಿನ ಬಾಯಿಲ್ಲದ್ದು, ನಾಣ್ಯದ ತೂತಿಲ್ಲದ್ದು, ಲಿಫ್ಟಿನದು, ಕರೆಂಟು ಬಂದರೆ ತಾನಾಗಿ ಏಳುವುದು. ಅದರ ಜೊತೆಗೆ ಒಳ್ಳೆಯ ಸ್ಟೆಬಿಲೈಸರು. ಸಾಲದ ಮಾತು ಬ್ಯಾಂಕಿನಲ್ಲಿ ಮುಗಿಯಿತು. ಅವಳು ಆರಿಸಿದ ಯಂತ್ರಕ್ಕೆ ಯಾರ ಕೈಯೂ ಬೇಡವಾಗಿತ್ತು.

ಯಂತ್ರ ಮೊದಲು ಮನೆಗೆ ಬಂತು. ಓಬಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹಟ್ಟಿಯ ಮಕ್ಕಳೆಲ್ಲ ಸುತ್ತ ನಿಂತಿರುವಾಗ ಒಂದು ಬಾಟಲಿ ಬರಿಸಿ ನೋಡಿದಳು. ಲಿಫ್ಟು ಏರಿತು, ಬಾಟಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಂತೆ ಇಳಿಸಿತು, ಕೆಳಗಿನ ಕಿಂಡಿ ತೆರೆಯಿತು. ಓಬಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಏನತ್ತೆ?"

"ಏನಿಲ್ಲ ಕಣವ್ವ. ಚಿಕ್ಕೋಳಿದ್ದಾಗ ದೇವನೂರಲ್ಲಿ ಗೌಡ್ರ ಮನೆ ಹಿತ್ಲಿಗೆ ಮಜ್ಗೆಗೆ ಹೋಗ್ತಿದ್ದೆ. ಅಮ್ಮೋರು ಮೆಟ್ಲ ಮ್ಯಾಗೆ ನಿಂತ್ಕಂಡು ಇಷ್ಟೆತ್ರದಿಂದ ಹುಯ್ಯೋರು. ಅವರ ಚೆಂಬು ನಮ್ಮ ಪಾತ್ರೆಗೆ ತಗಲಬಾರ್ದು ನೋಡು. ಅರ್ಧ ಮಜ್ಗೆ ಕೈಮ್ಯಾಗೆ, ಅರ್ಧ ಪಾತ್ರೆಗೆ." ಕಿಂಡಿಯಿಂದ ಬಾಟಲಿ ತೆಗೆದು ತಿರುಗಿಸಿ ನೋಡಿದಳು. "ಇದೇ ವಾಸಿ. ಮುಟ್ದೆ ಕೊಟ್ರೂ ಒಂದ್ ತೊಟ್ಟೂ ಚೆಲ್ಲಲ್ಲ."

ಅಕ್ಷತಾಳಿಗೆ ನಗು ಬರಲಿಲ್ಲ. ಯಂತ್ರವನ್ನು ಯಾಕೆ ಹಾಗೆ ಆರಿಸಿದೆ ಎಂದು ಅವಳು ಅತ್ತೆಗೆ ಹೇಳಿರಲಿಲ್ಲ.

ತರೀಕೆರೆಯಲ್ಲಿ ತಗಡಿನ ಮಾಡಿನ ಕೆಳಗೆ ಯಂತ್ರ ನಿಂತ ದಿನ ಓಬಮ್ಮ ಮೊದಲ ಬಾಟಲಿಯನ್ನು ಕೃಷ್ಣಸ್ವಾಮಿಯವರಿಗೇ ಕೊಡಬೇಕೆಂದು ಹೇಳಿ ಕಳಿಸಿದ್ದಳು. ಅವರು ಅದನ್ನು ಎರಡೂ ಕೈಯಲ್ಲಿ ತಗೊಂಡು, "ತುಂಬ ಸಂತೋಷ," ಅಂದು, ಆಫೀಸಿನ ಕಿಟಕಿಯ ಮೇಲಿಟ್ಟರು. "ಈಗ್ತಾನೆ ಕಾಫಿ ಆಯ್ತು. ಆಮೇಲೆ ಕುಡೀತೀನಿ." ಮತ್ತೆ ಶಿವಪ್ರಸಾದನನ್ನು ಪಕ್ಕಕ್ಕೆ ಕರೆದು, "ಬೆಳಿಗ್ಗೆ ಗೇಟು ತೆಗೆಯೋದ್ರೊಳಗೆ ತುಂಬ್ಕೊಂಡು ಹೋಗ್ಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಅಂದರು.

ಮಜ್ಜಿಗೆ ಓಡಿತು. ಓಡಿತು ಅಂದರೆ, ಹುಣಸೆಹಣ್ಣಿನ ಕಾಲಕ್ಕೆ ಸರಿಯಾಗಿ ಬಿಸಿಲು ಬಿದ್ದದ್ದೇ, ಮಧ್ಯಾಹ್ನದ ಹೊತ್ತಿಗೆ ಯಂತ್ರ ಖಾಲಿಯಾಗಿ ಗಾಜಿನ ಹಿಂದೆ ಬರೀ ದೀಪ ಉರಿಯುತ್ತಿತ್ತು. ತೂಕದ ಗುಮಾಸ್ತ ಈರಪ್ಪ ಒಂದು ಕುಡಿದು, ಬಾಯಿ ಒರೆಸಿಕೊಂಡು, ಇನ್ನೊಂದು ಕುಡಿಯುತ್ತಿದ್ದ. "ಯಾವ ಪುಣ್ಯಾತ್ಗಿತ್ತಿ ಕೈನಪ್ಪ ಇದು," ಅಂದು ಚಾಲಕರಿಗೆ ತೋರಿಸುತ್ತಿದ್ದ. "ಏನೋ ಸಾರ್ ಮನೆಯಿಂದಲೇ ಬರೋದು ಅನ್ಸುತ್ತೆ. ಅವರ ಮನೆ ರುಚಿ ಬೇರೆಯೋರಿಗೆ ಬತ್ತದಾ?" ಕೃಷ್ಣಸ್ವಾಮಿ ಆ ಮಾತು ಕೇಳಿಯೂ ತಿದ್ದಲಿಲ್ಲ. ಬೆಳಿಗ್ಗೆ ಶಿವಪ್ರಸಾದ್ ಬಂದಾಗ ಅದನ್ನೇ ಹೇಳಿ ನಕ್ಕರು. "ನೋಡು, ನನ್ನ ಹೆಂಡತಿಗೆ ಪುಕ್ಕಟೆ ಹೆಸರು."

ಈ ಎಲ್ಲ ಸಂಗತಿ ಮನೆಗೆ ಬಂದು ತಲುಪುವಾಗ ಓಬಮ್ಮನ ಪಾಲಿಗೆ ಉಳಿಯುತ್ತಿದ್ದದ್ದು, 'ಖಾಲಿಯಾಯ್ತು' ಎಂಬ ಒಂದು ಮಾತು. ಕೆಲವು ದಿನ ಅದು ಸಾಕಾಗಿತ್ತು.

"ಅಕ್ಷೀ," ಅಂದಳು ಒಂದು ದಿನ, "ನಾನೂ ಒಂದಪ ಬತ್ತೀನಿ ಕಣೆ."

"ಅಲ್ಲೇನಿದೆ ಅತ್ತೆ, ಬರೀ ಧೂಳು."

"ಕುಡಿಯೋದ್ ನೋಡ್ಬೇಕು. ಮಾಡಿ ಮಾಡಿ ಕಳಿಸ್ತೀನಿ, ಒಬ್ಬರು ಕುಡ್ದಿದ್ದು ಕಣ್ಣಲ್ಲಿ ನೋಡಿಲ್ಲ."

ಇಲ್ಲ ಅನ್ನುವುದು ಹೇಗೆ? ಶಿವಪ್ರಸಾದ್‌ಗೆ ಕಡೂರಿಗೆ ಲೋಡು ಇದ್ದ ದಿನ, ಅಕ್ಷತಾಳೇ ಯಂತ್ರ ತುಂಬಲು ಹೋಗಬೇಕಾಗಿ ಬಂತು. ಓಬಮ್ಮ ಒಳ್ಳೆಯ ಸೀರೆ ಉಟ್ಟು ಜೊತೆಗೆ ಹೊರಟಳು. ಬಾಟಲಿ ಜೋಡಿಸಿ ಮುಗಿಸಿದ ಮೇಲೆ ಅಕ್ಷತಾ ಅವಳನ್ನು ದೂರದ ಹೊಂಗೆಮರದ ಕೆಳಗೆ ಕೂರಿಸಿ, "ಇಲ್ಲಿಂದಲೇ ನೋಡಿ. ಹತ್ರ ಹೋಗ್ಬೇಡಿ," ಅಂದಳು. ಯಾಕೆ ಎಂದು ಓಬಮ್ಮ ಕೇಳಲಿಲ್ಲ. ಮಿಷನ್ನಿನ ವಿಷಯ, ಓದಿದವರಿಗೆ ಗೊತ್ತಿರುತ್ತದೆ ಅಂದುಕೊಂಡಳು. ಮೊದಲನೆಯವನು ಬಂದು ಫೋನು ತೋರಿಸಿದ, ಬಾಟಲಿ ಬಂತು, ಕತ್ತೆತ್ತಿ ಗಟಗಟ ಕುಡಿದು ಉಸಿರು ಬಿಟ್ಟ. ಓಬಮ್ಮನ ಗಂಟಲೂ ಅವನ ಜೊತೆಗೇ ಆಡಿತು. ಎರಡನೆಯವನು, ಮೂರನೆಯವನು. ಈರಪ್ಪ ಬಂದು ಒಂದು ಕುಡಿದು ಇನ್ನೊಂದಕ್ಕೆ ಫೋನು ತೋರಿಸಿದಾಗ ಓಬಮ್ಮ ತನ್ನಷ್ಟಕ್ಕೆ ತಾನೇ, "ಕುಡಿ ಮಗನೆ," ಅಂದಳು.

ಅಕ್ಷತಾ ಚೀಲ, ಯಂತ್ರದ ಬೀಗದಕೈ ಎಲ್ಲ ಅತ್ತೆಯ ಬಳಿ ಬಿಟ್ಟು, ಸ್ಟೆಬಿಲೈಸರಿನ ವಿಷಯ ಮಾತಾಡಲು ಆಫೀಸಿನೊಳಗೆ ಹೋದಳು.

ಹುಣಸೆಹಣ್ಣಿನ ಚೀಲಗಳ ಗಾಡಿಯಿಂದ ವಯಸ್ಸಾದ ಹೆಂಗಸೊಬ್ಬಳು ಇಳಿದು ಬಂದದ್ದು ಆಗ. ದಾಕ್ಷಾಯಣಮ್ಮ ಎಂದು ಆಕೆಯ ಹೆಸರು. ಮಗ ತೂಕಕ್ಕೆ ಸರತಿಯಲ್ಲಿ ನಿಂತಿದ್ದ. ಬಿಸಿಲಿಗೆ ಮುಖ ಕೆಂಡದಂತಾಗಿತ್ತು. ಕೈಯಲ್ಲಿ ಮಡಿಸಿದ ನೋಟೊಂದನ್ನು ಹಿಡಿದು ಯಂತ್ರದ ಸುತ್ತ ತೂತು ಹುಡುಕಿದಳು. ಗಾಜು ತಟ್ಟಿದಳು. ಒಳಗೆ ಬಾಟಲಿಗಳು ತಣ್ಣಗೆ ಸಾಲಾಗಿ ನಿಂತಿದ್ದವು. ಚೀಲಗಳ ಮೇಲೆ ಕೂತಿದ್ದ ಗಂಡಸರು ನೋಡುತ್ತಿದ್ದರೇ ಹೊರತು ಏಳಲಿಲ್ಲ.

ಓಬಮ್ಮನಿಗೆ ಕೂತಿರಲು ಆಗಲಿಲ್ಲ. ಬಾಯಾರಿದವರ ಮುಂದೆ ಮಜ್ಜಿಗೆ ಇಟ್ಟುಕೊಂಡು ಸುಮ್ಮನೆ ಕೂತು ಅವಳಿಗೆ ಅಭ್ಯಾಸವಿರಲಿಲ್ಲ. ಎದ್ದು ಹೋದಳು.

"ಅದು ನೋಟು ತಗಳಲ್ಲ ಕಣವ್ವ. ಫೋನ್ ತೋರಿಸ್ಬೇಕು."

"ನನ್ ಫೋನಲ್ಲಿ ಮಾತಾಡೋದ್ ಬಿಟ್ರೆ ಏನೂ ಬರಲ್ಲವ್ವ," ಅಂದಳು ದಾಕ್ಷಾಯಣಮ್ಮ. "ಒಳ್ಳೆ ಕಾಲ ಬಂತು. ಕಣ್ಣಿಗೆ ಕಾಣುತ್ತೆ, ಗಂಟ್ಲಿಗೆ ಇಲ್ಲ."

"ತಡಿ." ಓಬಮ್ಮ ಬೀಗ ತಿರುಗಿಸಿ ಗಾಜಿನ ಬಾಗಿಲು ತೆರೆದು, ಹಿಂದಿನ ಸಾಲಿನಿಂದ ಹೆಚ್ಚು ತಣ್ಣಗಿದ್ದದ್ದನ್ನೇ ಹುಡುಕಿ ತೆಗೆದಳು. ಮುಚ್ಚಳ ಬಿಚ್ಚಿ ಕೈಗೆ ಕೊಟ್ಟಳು. ನೋಟನ್ನು ಹಿಂದಕ್ಕೆ ತಳ್ಳಿದಳು. "ಇಟ್ಕ ಇಟ್ಕ. ಮಜ್ಗೆಗೆ ಯಾರಾದ್ರೂ ಕಾಸ್ ಇಸ್ಕತಾರಾ."

ದಾಕ್ಷಾಯಣಮ್ಮ ಒಂದೇ ಉಸಿರಿಗೆ ಅರ್ಧ ಬಾಟಲಿ ಇಳಿಸಿ, ಕಣ್ಣು ಮುಚ್ಚಿ ನಿಂತಳು.

"ಜೀವ ಬಂತು ಕಣವ್ವ. ಯಾರು ಮಾಡಿದ್ದಿದು?"

"ನಾನೇ."

"ನೀನೇನಾ? ಕೈ ತೊಳ್ದು ಮುಟ್ಬೇಕು ನಿನ್ನ. ಯಾವೂರಾಯ್ತು?"

ಓಬಮ್ಮ ಊರು ಹೇಳಿದಳು.

"ಅಯ್ಯೋ, ಅಲ್ಲಿ ನಮ್ ಬೀಗರೇ ಅದಾರೆ. ಚನ್ನಬಸಪ್ಪ ಅಂತ, ಗುಡಿ ಹಿಂದ್ಗಡೆ ಮನೆ. ನೀನು ಅಲ್ಲಿ ಯಾರ ಪೈಕಿ?"

ಈ ಪ್ರಶ್ನೆಗೆ ನಮ್ಮ ಕಡೆ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಿದರೂ ನಿಲ್ಲುವುದಿಲ್ಲ. ಓಬಮ್ಮನಿಗೆ ಸುಳ್ಳು ಹೇಳಬೇಕೆಂದು ಹೊಳೆಯಲೂ ಇಲ್ಲ. ತನ್ನ ಮಜ್ಜಿಗೆಯನ್ನು ಎದುರಿಗೆ ನಿಂತು ಹೊಗಳಿದ ಹೊರಗಿನವರನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

"ಚನ್ನಬಸಪ್ಪೋರು ಗೊತ್ತಿಲ್ವಾ. ಅವರ ತ್ವಾಟಕ್ಕೆ ಕೂಲಿಗೆ ಹೋಗಿದೀನಿ. ನಾವು ಕೆರೆ ಈಚೆ ಕಣವ್ವ, ಕೇರಿಯೋರು. ಗಿರಿಯಪ್ಪನ ಹೆಂಡ್ತಿ."

ದಾಕ್ಷಾಯಣಮ್ಮನ ಮುಖದ ಮೇಲಿನ ನಗು ಮಾಸಲಿಲ್ಲ. "ಹೌದಾ," ಅಂದಳು. ಚನ್ನಬಸಪ್ಪನ ಮಂಡಿನೋವಿನ ವಿಚಾರ ಕೇಳಿದಳು. ಕೇಳುತ್ತಲೇ, ಅರ್ಧ ಬಾಟಲಿಯನ್ನು ಯಂತ್ರದ ಪಕ್ಕದ ಕಟ್ಟೆಯ ಮೇಲೆ, ಬೀಳದ ಹಾಗೆ ನೋಡಿಕೊಂಡು, ನೆಟ್ಟಗೆ ನಿಲ್ಲಿಸಿದಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಉಗಿದಳು. ಮತ್ತೊಮ್ಮೆ ಮುಕ್ಕಳಿಸಿದಳು. ಬೆರಳು ಹಾಕಿ ಹಲ್ಲು ಉಜ್ಜಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ವಾಪಸು ಬಂದು, "ಚೆನ್ನಾಗಿತ್ತವ್ವ. ಖಾರ ಒಂಚೂರು ಮುಂದು," ಅಂದಳು. ಗಾಡಿ ಹತ್ತಿ ಕೂತಳು.

ಚೀಲಗಳ ಮೇಲಿನ ಗಂಡಸರು ಎಲ್ಲವನ್ನೂ ಕೇಳಿದ್ದರು. ಈರಪ್ಪನ ಕೈಯಲ್ಲಿ ಎರಡನೆಯ ಬಾಟಲಿ ಇನ್ನೂ ಅರ್ಧ ಇತ್ತು. ಅವನು ಅದನ್ನು ನೋಡಿದ, ಓಬಮ್ಮನನ್ನು ನೋಡಿದ, ಬಗ್ಗಿ ಕಾಲಿನ ಹತ್ತಿರ ಇಟ್ಟ.

ಅಕ್ಷತಾ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನೋಡಬೇಕಾದಷ್ಟು ನೋಡಿದ್ದಳು. ಬಿರಬಿರನೆ ಬಂದು ಗಾಜಿನ ಬಾಗಿಲು ಮುಚ್ಚಿ, ಅತ್ತೆಯ ಬೆರಳುಗಳಿಂದ ಬೀಗದಕೈ ಕಿತ್ತುಕೊಂಡಳು.

"ಆ ಕೈ ಇಟ್ಕೊಂಡು ಸುಮ್ನೆ ಒಂದು ಕಡೆ ಕೂತ್ಕೊಳಕ್ಕಾಗಲ್ವಾ ನಿಮಗೆ?" ಅಂದಳು. ದನಿ ಏರಿಸಲಿಲ್ಲ. "ಊರೆಲ್ಲ ಸುತ್ತಿ, ಯಾರ ಕೈಯೂ ಕಾಣದ ಮಿಷನ್ ಹುಡುಕಿ ತಂದಿದ್ದು ಯಾತಕ್ಕೆ ಅಂದ್ಕೊಂಡ್ರಿ? ನಿಮ್ಮ ಕೈ ಕಾಣಬಾರದು ಅಂತಲೇ ಅಲ್ವಾ?"

ಓಬಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಬಾಟಲಿಯ ತಣ್ಣನೆಯ ನೀರು ಇನ್ನೂ ಅಂಗೈಯಲ್ಲಿತ್ತು. ಸೆರಗಿಗೆ ಒರೆಸಿಕೊಂಡು, ಹೊಂಗೆಮರದ ಕೆಳಗೆ ಹೋಗಿ ಕೂತಳು. ಬಾಯಿ ಮುಕ್ಕಳಿಸಿದವಳು ಮಾಡಿದ್ದಕ್ಕಿಂತ ಈ ಮಾತು ಹೆಚ್ಚು ಆಳಕ್ಕೆ ಇಳಿಯಿತು ಎಂದು ಅಕ್ಷತಾಳಿಗೆ ಅಲ್ಲೇ ಗೊತ್ತಾಯಿತು. ಆಡಿದ ಮಾತನ್ನು ಎತ್ತಿಕೊಳ್ಳುವುದು ಹೇಗೆಂದು ಮಾತ್ರ ಗೊತ್ತಾಗಲಿಲ್ಲ.

ಮಾರನೆಯ ದಿನದಿಂದ ವೇಬ್ರಿಡ್ಜಿಗೆ ಬರುವವರಿಗೆಲ್ಲ ಒಟ್ಟಿಗೇ ಶೀತವಾಯಿತು. ಈರಪ್ಪನಿಗೆ ಗಂಟಲು ಕಟ್ಟಿತ್ತು. ಇನ್ನೊಬ್ಬನಿಗೆ ಡಾಕ್ಟರು ತಂಪು ಬೇಡ ಅಂದಿದ್ದರು. ಹೊಸಬರು ಯಾರಾದರೂ ಫೋನು ತೆಗೆದರೆ, ಪಕ್ಕದವರು ಮೆಲ್ಲಗೆ ಮೊಣಕೈ ತಾಗಿಸುತ್ತಿದ್ದರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಗಾಜಿನ ಹಿಂದೆ ದೀಪ ಉರಿಯುತ್ತಿತ್ತು, ಬಾಟಲಿಗಳು ಸಾಲು ಮುರಿಯದೆ ನಿಂತಿದ್ದವು. ಗಾಜು ಬೆವರಲಿಲ್ಲ. ಅಷ್ಟು ಚೆನ್ನಾಗಿ ಕಾಣುವ ಗಾಜನ್ನು ಆರಿಸಿದವಳು ತಾನೇ ಎಂದು ಅಕ್ಷತಾ ದಿನವೂ ನೋಡಿದಳು.

ಸಂಜೆ ಬಾಟಲಿಗಳು ಮನೆಗೆ ವಾಪಸು ಬರತೊಡಗಿದವು. ಓಬಮ್ಮ ಏನೂ ಕೇಳದೆ ಒಂದೊಂದನ್ನೇ ಬಿಚ್ಚಿ ಕರುಗಳ ಬಾನಿಗೆ ಸುರಿಯುತ್ತಿದ್ದಳು.

"ಕರಾದ್ರೂ ಕುಡೀಲಿ ಬುಡು," ಅನ್ನುತ್ತಿದ್ದಳು. "ಅವು ಊರು ಕೇಳಲ್ಲ."

ಆದರೂ ಬೆಳಿಗ್ಗೆ ಎದ್ದು ಮತ್ತೆ ಕಡೆಯುತ್ತಿದ್ದಳು. ಈಗ ಕರಿಬೇವನ್ನು ಕೈಯಲ್ಲಿ ಹಿಸುಕುತ್ತಿರಲಿಲ್ಲ, ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಅಕ್ಷತಾ ಅದನ್ನು ನೋಡಿದಳು. ರುಚಿಯೂ ಸ್ವಲ್ಪ ಕೆಟ್ಟಿತ್ತು. ಹೇಳುವ ಬಾಯಿ ಅವಳಿಗೆ ಉಳಿದಿರಲಿಲ್ಲ.

ಕೃಷ್ಣಸ್ವಾಮಿ ಯಂತ್ರ ಕೆಟ್ಟಿದೆಯೇನೋ ಎಂಬಂತೆ ತಿಪ್ಪೇಶನನ್ನು ಕರೆಸಿದರು. ಅವನು ಕಡೂರಿನಿಂದ ಬಂದು ಹಿಂಬದಿ ಬಿಚ್ಚಿ, ಲಿಫ್ಟು ಏರಿಸಿ ಇಳಿಸಿ, ಕರೆಂಟು ಕಿತ್ತು ಹಾಕಿ ನೋಡಿದ. "ಮಿಷನ್ನಲ್ಲಿ ಏನೂ ತೊಂದ್ರೆ ಇಲ್ಲ ಸಾರ್. ಇಂಥ ಮಿಷನ್ ನಾನು ಇನ್ನೊಂದು ಮಾರಿಲ್ಲ." ಆಮೇಲೆ ಅಕ್ಷತಾಳ ಕಡೆ ತಿರುಗಿ, ಕಡೂರಿನಲ್ಲಿ ಅವಳು ಕೇಳಿದ ಪ್ರಶ್ನೆ ಈಗ ಅರ್ಥವಾದವನ ಹಾಗೆ ತಲೆ ತಗ್ಗಿಸಿದ. ಒಂದು ಬಾಟಲಿ ಬರಿಸಿ ಕುಡಿದ. ಅವನೊಬ್ಬನೇ. ಅವನ ಹಿಂದೆ ನಿಂತಿದ್ದವರು ಅದನ್ನೂ ನೋಡಿಕೊಂಡರು.

ಆ ದಿನವೇ ಕೃಷ್ಣಸ್ವಾಮಿ ಅಕ್ಷತಾಳನ್ನು ಆಫೀಸಿನೊಳಗೆ ಕೂರಿಸಿ ಮಾತಾಡಿದರು.

"ನನಗೇನೂ ಇಲ್ಲಮ್ಮ. ಆದ್ರೆ ಜನ ಇದಾರಲ್ಲ. ಸಾಲ ತಲೆ ಮೇಲಿಟ್ಕೊಂಡು ನೀವು ಎಷ್ಟು ದಿನ ಅಂತ ಕರುಗೆ ಕುಡಿಸ್ತೀರಿ? ಮಿಷನ್ ನನಗೇ ಬಿಟ್ಬಿಡಿ. ನೀವು ಕೊಟ್ಟಿದ್ದು ನಿಮಗೆ ಬರಲಿ, ಬ್ಯಾಂಕಿಂದು ತೀರಲಿ. ನಾನು ಕಂಪನಿ ಡ್ರಿಂಕ್ಸ್ ಇಡ್ತೀನಿ." ಬೆಲೆಯಲ್ಲಿ ಮೋಸ ಮಾಡಲಿಲ್ಲ. ಅವರು ಹಾಗೆ ಮಾಡುವವರಲ್ಲ. "ಇನ್ನೊಂದು ಮಾತು. ನಮ್ಮ ಸ್ನೇಹಿತರೊಬ್ಬರು ಕಡೂರಿನ ಛತ್ರದಲ್ಲಿ ಇಂಥದ್ದೇ ಇಡಬೇಕು ಅಂತಿದಾರೆ. ನೀನೇ ಆರಿಸಿ ಕೊಡು. ಕಮಿಷನ್ ಕೊಡ್ತಾರೆ. ನಿನಗೆ ಮಿಷನ್ ನೋಡೋ ಕಣ್ಣಿದೆ ಕಣಮ್ಮ."

ಅಕ್ಷತಾಳ ಕಣ್ಣು ಅವರ ಹಿಂದಿನ ಕಿಟಕಿಯ ಮೇಲಿತ್ತು. ಮೊದಲ ದಿನ ಕೊಟ್ಟ ಬಾಟಲಿ ಅಲ್ಲೇ ಇತ್ತು. ಸೀಲು ಒಡೆದಿರಲಿಲ್ಲ. ಮಜ್ಜಿಗೆ ಒಡೆದು, ಮೇಲೆ ಹಳದಿ ನೀರು, ಕೆಳಗೆ ಬಿಳಿ ಗಸಿ ನಿಂತಿತ್ತು.

"ಆಯ್ತು ಸಾರ್," ಅಂದಳು. ಎರಡಕ್ಕೂ ಸೇರಿಸಿಯೇ ಅಂದಳು.

ಯಂತ್ರ ಖಾಲಿ ಮಾಡುವ ದಿನ ಓಬಮ್ಮ ತಾನೂ ಬರುತ್ತೇನೆಂದಳು. "ನಮ್ ಮಜ್ಗೆ ನಾವೇ ತಕಬರಾನ." ಅತ್ತೆ ಸೊಸೆ ಸೇರಿ ಬಾಟಲಿಗಳನ್ನು ಇಳಿಸಿ ಕ್ರೇಟಿಗೆ ಹಾಕಿ ಆಟೋಕ್ಕೆ ಸಾಗಿಸಿದರು. ಶಿವಪ್ರಸಾದ್ ಆಟೋದಿಂದ ಇಳಿಯಲೇ ಇಲ್ಲ. ಅವರು ಖಾಲಿ ಮಾಡಿದ ಸಾಲುಗಳನ್ನು ಈರಪ್ಪ ಒದ್ದೆ ಬಟ್ಟೆಯಲ್ಲಿ ಒರೆಸಿದ, ಒಂದಕ್ಕೆ ಎರಡು ಸಲ. ಆಮೇಲೆ ಕಂಪನಿಯ ಕಪ್ಪು, ಕಿತ್ತಳೆ ಬಣ್ಣದ ಬಾಟಲಿಗಳು ಒಳಗೆ ಹೋದವು. ಗಾಜು ಮುಚ್ಚಿತು. ಅವನ ಗಂಟಲು ವಾಸಿಯಾಗಿತ್ತು. ಮೊದಲು ಫೋನು ತೋರಿಸಿದವನೂ ಅವನೇ.

ಕೃಷ್ಣಸ್ವಾಮಿ ಹೊರಗೆ ಬಂದರು. ಓಬಮ್ಮ ಬಿಸಿಲಲ್ಲಿ ನಿಂತಿರುವುದನ್ನು ನೋಡಿ ಅವರಿಗೆ ನಿಜವಾಗಿ ಮರುಕವಾಯಿತು.

"ಓಬಮ್ಮ, ಬಾ ಇಲ್ಲಿ. ಬೆವರು ನೋಡು ಹೇಗೆ ಇಳೀತಿದೆ. ಒಂದು ಕುಡಿದು ಹೋಗು. ನನ್ನ ಲೆಕ್ಕ." ತಮ್ಮ ಫೋನನ್ನು ಯಂತ್ರಕ್ಕೆ ತೋರಿಸಿದರು.

ಲಿಫ್ಟು ಏರಿತು. ಕಿತ್ತಳೆ ಬಾಟಲಿಯನ್ನು ಎತ್ತಿಕೊಂಡು ಮೆಲ್ಲಗೆ ಇಳಿಯಿತು. ಓಬಮ್ಮ ಯೋಚಿಸದೆಯೇ ಸ್ವಲ್ಪ ಬಗ್ಗಿ, ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ ಕಿಂಡಿಯ ಕೆಳಗೆ ಹಿಡಿದಿದ್ದಳು. ಅಕ್ಷತಾ ಅದನ್ನು ನೋಡಿ ಮುಖ ತಿರುಗಿಸಿದಳು. ಕಿಂಡಿ ತೆರೆಯಿತು. ಓಬಮ್ಮ ತನ್ನ ಬೊಗಸೆಯನ್ನು ತಾನೇ ಕಂಡು, ಕೈ ಬಿಡಿಸಿ, ನೆಟ್ಟಗಾದಳು. ಬಾಟಲಿ ತೆಗೆದುಕೊಂಡಳು. ಅದನ್ನು ಪಕ್ಕದ ಕಟ್ಟೆಯ ಮೇಲೆ, ದಾಕ್ಷಾಯಣಮ್ಮ ಇಟ್ಟಿದ್ದ ಜಾಗದಲ್ಲೇ, ಬೀಳದ ಹಾಗೆ ನೋಡಿಕೊಂಡು ನಿಲ್ಲಿಸಿದಳು.

"ಬ್ಯಾಡ ಸ್ವಾಮಿ," ಅಂದಳು ನಗುತ್ತಾ. "ಈಗ್ತಾನೆ ಕುಡ್ದು ಬಂದೆ."

ಕೃಷ್ಣಸ್ವಾಮಿ ಕಟ್ಟೆಯ ಮೇಲಿನ ಬಾಟಲಿಯನ್ನು ನೋಡಿದರು. ಆಮೇಲೆ, "ಇರ್ಲಿ, ಇರ್ಲಿ," ಅಂದು ಒಳಗೆ ಹೋದರು. ಅವರ ಬೆನ್ನು ಮರೆಯಾದದ್ದೇ ಈರಪ್ಪ ಕಟ್ಟೆಯ ಮೇಲಿನ ಬಾಟಲಿಗೆ ಕೈ ಚಾಚಿದ. ಅದು ಯಾರ ಕೈಯಿಂದ ಅಲ್ಲಿಗೆ ಬಂತೆಂದು ನೆನಪಾಗಿ, ಬಟ್ಟೆ ಹುಡುಕಲು ಹೋದ.

ಆಟೋ ಅಜ್ಜಂಪುರದ ದಾರಿ ಹಿಡಿಯಿತು. ಹಿಂದೆ ಕ್ರೇಟುಗಳ ನಡುವೆ ಅತ್ತೆ ಸೊಸೆ ಮೊಣಕಾಲು ಮಡಚಿ ಕೂತಿದ್ದರು. ಬಿಸಿಲು ತಗಡನ್ನು ಸುಡುತ್ತಿತ್ತು. ತುಂಬ ದೂರ ಹೋದ ಮೇಲೆ ಅಕ್ಷತಾ ಒಂದು ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಮುಂದೆ ಹಿಡಿದಳು.

"ನೀರಡಿಕೆ ಆಗಿಲ್ವಾ ಅತ್ತೆ?"

"ಆಗೈತೆ ಕಣವ್ವ," ಅಂದಳು ಓಬಮ್ಮ. ಆದರೆ ಅವಳ ಕೈಗಳು ಸೆರಗಿನೊಳಗೇ ಇದ್ದವು, ಹೊರಗೆ ಬರಲಿಲ್ಲ.